ಪೈನ್ ಮರದೊಳಗಿನ ಮಲ್ಲಿಗೆ

ಹೊನ್ನಾವರದ ಕಾಸರಕೋಡ ಕಡಲತೀರದಲ್ಲಿ ಗಾಳಿಮರದ ತೋಪು ಕಂಡವರು ‘ಪೈನ್ ಕಾಡಿದ್ದ ಹಾಗಿದೆ’ ಅನ್ನುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಅಂಥವರ ಕೈಗೆ ಒಂದು ಹಸಿರು ಕಡ್ಡಿ ಕೊಡುತ್ತೇನೆ. ಮೆಲ್ಲಗೆ ಎಳೆದರೆ ಗೆಣ್ಣಿನಲ್ಲಿ ಕಳಚಿಕೊಳ್ಳುತ್ತದೆ. ಕಳಚಿದಲ್ಲಿ ಗರಗಸದ ಹಲ್ಲಿನಂತೆ ಸುತ್ತ ನಿಂತ ಪುಟ್ಟ ಚೂಪುಗಳೇ ಅದರ ಎಲೆ. ನಾವು ಎಲೆ ಅಂದುಕೊಂಡದ್ದು ಟೊಂಗೆ! 1868ರಲ್ಲಿ ಸೌದೆಗೆಂದು ಕಾರವಾರದಲ್ಲಿ ನೆಡಲು ಶುರುಮಾಡಿದ ಈ ಮರ ಹೂಬಿಡುವ ಜಾತಿಯದು. ಪೈನ್‌ಗೂ ಇದಕ್ಕೂ ನೆಂಟಸ್ತಿಕೆಯಿಲ್ಲ.

ನಿಜವಾದ ಪೈನ್‌ನ ಸೂಜಿಯೆಲೆ ಮುರಿದರೆ ಟರ್ಪೆಂಟೈನ್ ವಾಸನೆ ಮೂಗಿಗೆ ಅಡರುತ್ತದೆ. ಎಲೆಯಲ್ಲೂ ತೊಗಟೆಯಲ್ಲೂ ಸಣ್ಣ ನಾಳಗಳ ತುಂಬ ರಾಳ ಒತ್ತಿಕೊಂಡಿರುತ್ತದೆ. ಹುಳ ಕಚ್ಚಿದ್ದೇ ತಡ, ಉಕ್ಕುತ್ತದೆ. ಟರ್ಪೆಂಟೈನ್ ಆವಿಯಾಗಿ, ಉಳಿದ ಅಂಟು ಗಟ್ಟಿಯಾಗಿ ಗಾಯ ಮುಚ್ಚುತ್ತದೆ. ಯಕ್ಷಗಾನದಲ್ಲಿ ರಕ್ಕಸ ವೇಷ ಬರುವಾಗ ದೊಂದಿಗೆ ಎರಚುವ ರಾಳದ ಪುಡಿ ಭಗ್ಗನೆ ಹೊತ್ತುವುದನ್ನು ನೋಡಿದ್ದೀರಲ್ಲ? ಯಾವ ಮರದ್ದೇ ಆಗಲಿ, ರಾಳ ಮರದ ಗಾಯದಿಂದ ಒಸರಿದ್ದೇ.

ಇದೆಲ್ಲ ಮೊದಲೇ ಕೂಡಿಟ್ಟ ಸರಕು. ಹುಳ ಅಷ್ಟಕ್ಕೇ ಬಿಡದಿದ್ದರೆ? ಜಜ್ಜಿಹೋದ ಜೀವಕೋಶದ ಪೊರೆಯಿಂದ ಬಿಡುಗಡೆಯಾದ ಕೊಬ್ಬಿನಾಮ್ಲ ಹಂತಹಂತವಾಗಿ ಜಾಸ್ಮೋನಿಕ್ ಆಮ್ಲವಾಗುತ್ತದೆ. ಅದು ಮರದೊಳಗಿನ ಡಂಗುರ. ಜರ್ಮನಿಯ ಯೇನಾದ ವಿಜ್ಞಾನಿಗಳು ಪೈನ್ ಬಳಗದ್ದೇ ಆದ ಸ್ಪ್ರೂಸ್ ಮರದ ಸಸಿಗಳಿಗೆ ಇದರದೇ ರೂಪವಾದ ಮೀಥೈಲ್ ಜಾಸ್ಮೋನೇಟನ್ನು ಸಿಂಪಡಿಸಿ ನೋಡಿದರು. 2002ರಲ್ಲಿ ಪ್ರಕಟವಾದ ಅವರ ವರದಿಯಂತೆ, ಒಂದೂ ಹುಳ ಮುಟ್ಟದ ಆ ಸಸಿಗಳ ಕಾಂಡದಲ್ಲಿ ಹೊಸ ರಾಳದ ನಾಳಗಳು ಮೂಡಿದ್ದವು. ಸುಳ್ಳು ಸುದ್ದಿಗೆ ಕೋಟೆ ಕಟ್ಟಿದ ಹಾಗೆ!

ಹುಳಗಳೇನು ಕಡಿಮೆಯಲ್ಲ. ಪೈನ್ ಎಲೆ ಮೇಯುವ ಗರಗಸ ನೊಣದ ಮರಿ ರಾಳವನ್ನು ಗಂಟಲ ಪಕ್ಕದ ಚೀಲದಲ್ಲಿ ಬೇರೆಯಾಗಿ ಇಟ್ಟುಕೊಂಡು, ಇರುವೆ ಮೇಲೆ ಬಿದ್ದಾಗ ಅದನ್ನೇ ಉಗುಳುತ್ತದೆ. ಮರವೂ ಬಿಟ್ಟುಕೊಡುವುದಿಲ್ಲ. ಆ ನೊಣ ಸೂಜಿಯೆಲೆ ಸೀಳಿ ಮೊಟ್ಟೆಯಿಟ್ಟರೆ, ಎಲೆ ಹೊರಸೂಸುವ ವಾಸನೆಯ ಹದವೇ ಬದಲಾಗುತ್ತದೆ. ಅದನ್ನು ಹಿಡಿದು ಬರುವ ಕಿರುಕಣಜ ಆ ಮೊಟ್ಟೆಯೊಳಗೇ ತನ್ನ ಮೊಟ್ಟೆ ತೂರಿಸುತ್ತದೆ.

ಇನ್ನು ಆ ಡಂಗುರದ ಹೆಸರು. ಮೀಥೈಲ್ ಜಾಸ್ಮೋನೇಟ್ ಮೊದಲು ಸಿಕ್ಕಿದ್ದು ಪೈನ್‌ನಲ್ಲಲ್ಲ, 1962ರಲ್ಲಿ, ಜಾಸ್ಮಿನ್, ಅಂದರೆ ಜಾಜಿ ಹೂವಿನ ಸುಗಂಧತೈಲದಲ್ಲಿ. ಹೂವಿನ ಕಂಪು ಎಂದು ಬೇರ್ಪಡಿಸಿದ ವಸ್ತು ಗಿಡಮರಗಳ ಗಾಯದ ಸುದ್ದಿ ಸಾರುವಂಥದ್ದು ಎಂದು ತಿಳಿಯಲು ವರ್ಷಗಳೇ ಹಿಡಿದವು.

ಜಾಜಿಯ ದಾಯಾದಿ ಮಲ್ಲಿಗೆ ನಮ್ಮ ಭಟ್ಕಳದಿಂದ ಮಂಗಳೂರಿನವರೆಗೂ ಹೋಗುತ್ತದೆ. ಅದಕ್ಕೂ ಮೊಗ್ಗು ಕೊರೆಯುವ ಹುಳದ ಕಾಟ ಇದ್ದದ್ದೇ. ಹುಳ ಹೊಕ್ಕ ಮೊಗ್ಗು ನೇರಳೆಗೆ ತಿರುಗುತ್ತದೆ. ಕೊಯ್ಯುವವರು ಅದನ್ನು ಮಾತಿಲ್ಲದೆ ಕಿತ್ತು ಆಚೆ ಎಸೆದು, ಮುಂದಿನ ಟೊಂಗೆಗೆ ಕೈ ಹಾಕುತ್ತಾರೆ.