ಆರ್‌ಎನ್‌ಎಗೂ ಒಂದು ವಿಳಾಸವಿದೆ

ಬಂಗಾರಪೇಟೆಯ ಪಿನ್‌ಕೋಡ್ 563114, ಚಾಂಪಿಯನ್ ರೀಫ್‌ನದು 563117, ರಾಬರ್ಟ್‌ಸನ್‌ಪೇಟೆಯದು 563122. ಲಕೋಟೆಯ ಒಳಗೇನಿದೆ ಎಂದು ಅಂಚೆಯವರು ಓದಬೇಕಾಗಿಲ್ಲ; ಮೇಲಿನ ಆರು ಅಂಕಿ ನೋಡಿದರೆ ಪತ್ರ ಯಾವ ಊರಿಗೆ ಹೋಗಬೇಕೆಂದು ತಿಳಿಯುತ್ತದೆ. ಜೀವಕೋಶದ ಒಳಗೂ ಇಂಥದ್ದೇ ಏರ್ಪಾಡಿದೆ. ಅಲ್ಲಿನ ಪತ್ರ ಎಂಆರ್‌ಎನ್‌ಎ, ಅಂದರೆ ಯಾವ ಪ್ರೊಟೀನ್ ತಯಾರಾಗಬೇಕೆಂಬ ಸೂಚನೆ ಹೊತ್ತ ಅಣು. ಡಿಎನ್‌ಎ ಇರುವ ಕೋಶಕೇಂದ್ರದಲ್ಲಿ ಅದು ತಯಾರಾಗುತ್ತದೆ. ಆದರೆ ಪ್ರೊಟೀನ್ ಬೇಕಾಗುವುದು ಎಷ್ಟೋ ಸಲ ಕೋಶದ ಇನ್ನೊಂದು ಮೂಲೆಯಲ್ಲಿ.

ಪ್ರೊಟೀನನ್ನೇ ಏಕೆ ಕಳಿಸುವುದಿಲ್ಲ?

ಬೆನ್ನುಹುರಿಯ ಕೆಳಭಾಗದಿಂದ ಪಾದದವರೆಗೆ ಹೋಗುವ ಒಂದೇ ನರಕೋಶದ ತಂತು ಸುಮಾರು ಒಂದು ಮೀಟರ್ ಉದ್ದವಿರುತ್ತದೆ. ಅದರ ತುದಿಗೆ ಬೇಕಾದ ಪ್ರೊಟೀನನ್ನೆಲ್ಲ ಕೋಶದ ನಡುವೆ ತಯಾರಿಸಿ ಒಂದೊಂದಾಗಿ ಸಾಗಿಸುವುದು ದುಬಾರಿ, ನಿಧಾನ ಕೂಡ. ಒಂದು ಎಂಆರ್‌ಎನ್‌ಎ ಅಲ್ಲಿಗೆ ತಲುಪಿದರೆ ಅದನ್ನೇ ಮತ್ತೆ ಮತ್ತೆ ಓದಿ, ಬೇಕೆಂದಾಗ ಬೇಕಾದಷ್ಟು ಪ್ರೊಟೀನ್ ತಯಾರಿಸಿಕೊಳ್ಳಬಹುದು. ಬೇಡದ ಜಾಗದಲ್ಲಿ ಪ್ರೊಟೀನ್ ಸೇರಿ ಕೆಡುಕಾಗುವುದೂ ತಪ್ಪುತ್ತದೆ.

ಜಾಗ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಹಣ್ಣುನೊಣದ ಮೊಟ್ಟೆ ಸ್ಪಷ್ಟವಾಗಿ ತೋರಿಸುತ್ತದೆ. ಅದರ ಮುಂತುದಿಯಲ್ಲಿ ‘ಬೈಕಾಯ್ಡ್’ ಎಂಬ ಎಂಆರ್‌ಎನ್‌ಎ, ಹಿಂತುದಿಯಲ್ಲಿ ‘ಆಸ್ಕರ್’ ನೆಲೆಯೂರುತ್ತವೆ. ತಲೆ ಎಲ್ಲಿ, ಹೊಟ್ಟೆ ಎಲ್ಲಿ ಎಂಬ ತೀರ್ಮಾನ ಅಲ್ಲಿಂದಲೇ ಶುರು. ಪ್ರಯೋಗದಲ್ಲಿ ಆಸ್ಕರ್ ಅನ್ನು ಮುಂತುದಿಗೆ ಕಳಿಸಿದಾಗ ತಲೆ ಬರಬೇಕಾದಲ್ಲಿ ಹಿಂಭಾಗದ ಅಂಗಗಳು ಮೂಡಿದವು. ಇದು ಒಂದೆರಡು ಆರ್‌ಎನ್‌ಎಗಳ ಕಥೆಯೂ ಅಲ್ಲ. ಹಣ್ಣುನೊಣದ ಭ್ರೂಣದಲ್ಲಿ ಸಾವಿರಾರು ಎಂಆರ್‌ಎನ್‌ಎಗಳನ್ನು ಪರಿಶೀಲಿಸಿದ 2007ರ ಅಧ್ಯಯನ, ಅವುಗಳಲ್ಲಿ ಶೇಕಡಾ 70ಕ್ಕೂ ಹೆಚ್ಚಿನವು ಗೊತ್ತಾದ ಜಾಗಗಳಲ್ಲೇ ಇರುವುದನ್ನು ಕಂಡಿತು.

ವಿಳಾಸ, ವಾಹನ, ದಾರಿ

ಕೋಳಿಭ್ರೂಣದ ಕೋಶಗಳಲ್ಲಿ ಆಕ್ಟಿನ್ ಪ್ರೊಟೀನಿನ ಎಂಆರ್‌ಎನ್‌ಎ ಸಾಗುವ ಬಗೆಯನ್ನು ರಾಬರ್ಟ್ ಸಿಂಗರ್ ಅವರ ತಂಡ ವರ್ಷಗಟ್ಟಲೆ ಬಿಡಿಸಿ ನೋಡಿದೆ. ಕೋಶ ತೆವಳುವಾಗ ಅದರ ಮುಂಚೂಣಿಯಲ್ಲಿ ಆಕ್ಟಿನ್ ಬೇಕು. ಈ ಎಂಆರ್‌ಎನ್‌ಎಯಲ್ಲಿ ಪ್ರೊಟೀನಿನ ಸೂಚನೆ ಮುಗಿದ ನಂತರದ ಭಾಗದಲ್ಲಿ 54 ಅಕ್ಷರಗಳ ಒಂದು ತುಣುಕಿದೆ. ಅದೇ ವಿಳಾಸ. ಜೆಡ್‌ಬಿಪಿ1 ಎಂಬ ಪ್ರೊಟೀನ್ ಈ ವಿಳಾಸವನ್ನು ಗುರುತಿಸಿ ಕಚ್ಚಿಕೊಳ್ಳುತ್ತದೆ.

ಕೋಶಕೇಂದ್ರದ ರಂಧ್ರಗಳಿಂದ ಹೊರಬರುವ ಎಂಆರ್‌ಎನ್‌ಎ ಇಂಥ ಪ್ರೊಟೀನುಗಳ ಜೊತೆ ಕಟ್ಟಿಕೊಂಡು ಒಂದು ಗಂಟಾಗುತ್ತದೆ. ಆ ಗಂಟನ್ನು ಹೊರುವುದು ಮೋಟಾರ್ ಪ್ರೊಟೀನುಗಳು. ದೂರದ ಸಾಗಣೆಯ ದಾರಿ ಮೈಕ್ರೊಟ್ಯೂಬ್ಯೂಲ್ ಎಂಬ, 25 ನ್ಯಾನೊಮೀಟರ್ ದಪ್ಪದ ಕೊಳವೆ. ಅದರ ಒಂದು ತುದಿಯತ್ತ ಸಾಮಾನ್ಯವಾಗಿ ಕೈನೆಸಿನ್, ಇನ್ನೊಂದು ತುದಿಯತ್ತ ಡೈನೀನ್ ಎಳೆಯುತ್ತದೆ. ಕೈನೆಸಿನ್ನಿನ ಒಂದು ಹೆಜ್ಜೆ 8 ನ್ಯಾನೊಮೀಟರ್, ಪ್ರತಿ ಹೆಜ್ಜೆಗೂ ಶಕ್ತಿ ಕೊಡುವ ಒಂದು ಎಟಿಪಿ ಅಣುವಿನ ಖರ್ಚು.

ಎಲ್ಲ ಆರ್‌ಎನ್‌ಎಯೂ ಹೀಗೆ ಹೊರಿಸಿಕೊಂಡೇ ಹೋಗಬೇಕೆಂದಿಲ್ಲ. ಕೆಲವು ಕೋಶದೊಳಗೆ ತೇಲಾಡುತ್ತಿದ್ದು ಒಂದು ಜಾಗದಲ್ಲಿ ಸಿಕ್ಕಿ ನಿಲ್ಲುತ್ತವೆ. ಇನ್ನು ಕೆಲವು ಉಳಿದೆಡೆಯೆಲ್ಲ ನಾಶವಾಗಿ, ರಕ್ಷಣೆ ಇರುವ ಕಡೆ ಮಾತ್ರ ಉಳಿಯುತ್ತವೆ.

ತಲುಪುವವರೆಗೆ ತೆರೆಯಬಾರದು

ಪ್ರೊಟೀನ್ ತಯಾರಿಸುವ ರೈಬೋಸೋಮುಗಳು ದಾರಿಯಲ್ಲೇ ಎಂಆರ್‌ಎನ್‌ಎಯನ್ನು ಓದಲು ಶುರುಮಾಡಿದರೆ ಸಾಗಣೆಯೇ ವ್ಯರ್ಥ. ಆದ್ದರಿಂದ ಎಷ್ಟೋ ಸಲ ವಿಳಾಸ ಗುರುತಿಸುವ ಪ್ರೊಟೀನೇ ಓದಿಗೆ ತಡೆಯೂ ಆಗಿರುತ್ತದೆ. ಗಮ್ಯ ತಲುಪಿದಾಗ ಜೆಡ್‌ಬಿಪಿ1ರ ಮೇಲೆ ಒಂದು ಫಾಸ್ಫೇಟ್ ಕೂರುತ್ತದೆ, ಹಿಡಿತ ಸಡಿಲವಾಗುತ್ತದೆ, ಆಕ್ಟಿನ್ ತಯಾರಿ ಆರಂಭವಾಗುತ್ತದೆ.

ಮೆದುಳಿನಲ್ಲಿ ಈ ತಡೆಯ ಕೆಲಸ ಮಾಡುವವುಗಳಲ್ಲಿ ಎಫ್‌ಎಂಆರ್‌ಪಿ ಮುಖ್ಯವಾದದ್ದು. ಅದರ ವಂಶವಾಹಿ ಮೌನವಾದರೆ ಬುದ್ಧಿಬೆಳವಣಿಗೆ ಕುಂಠಿತವಾಗುವ ಫ್ರಾಜೈಲ್ ಎಕ್ಸ್ ತೊಂದರೆ ಬರುತ್ತದೆ. ನರಸಂಧಿಗೆ ಬೇಕಾದ ಪಿಎಸ್‌ಡಿ-95 ಎಂಆರ್‌ಎನ್‌ಎಯನ್ನು ಎಫ್‌ಎಂಆರ್‌ಪಿ ತಡೆದಿಟ್ಟುಕೊಂಡು, ಸಂಕೇತ ಬಂದಾಗ ಬಿಟ್ಟುಕೊಡುವುದನ್ನು 2011ರಲ್ಲಿ ರವಿ ಮುದ್ದಶೆಟ್ಟಿ ಮತ್ತು ಸಹೋದ್ಯೋಗಿಗಳು ಅಮೆರಿಕದಲ್ಲಿ ತೋರಿಸಿದರು. ಮುಂದೆ ಈ ಕೆಲಸವನ್ನು ಅವರು ಬೆಂಗಳೂರಿನ ಇನ್‌ಸ್ಟೆಮ್ ಸಂಶೋಧನಾ ಸಂಸ್ಥೆಯಲ್ಲಿ ಮುಂದುವರಿಸಿದರು. ಜನ ಕೆಲಸಕ್ಕೆಂದು ದಿನವೂ ಬೆಂಗಳೂರಿನ ರೈಲು ಹಿಡಿಯುವ ಬಂಗಾರಪೇಟೆಯಂಥ ಊರಿನ ಮಕ್ಕಳಿಗೆ, ಈ ವಿಜ್ಞಾನವೂ ಅದೇ ರೈಲು ತಲುಪುವ ನಗರದಲ್ಲಿದೆ ಎಂಬುದು ಗೊತ್ತಿರಬೇಕು.

ಟೊಮೆಟೊ ತೋಟದಲ್ಲಿ ಇದೇ ದಾರಿ

ಬಂಗಾರಪೇಟೆಯ ಸುತ್ತಲಿನ ರೈತರು ಆರ್‌ಎನ್‌ಎ ಸಾಗಣೆಯ ಇನ್ನೊಂದು ಮುಖ ಕಂಡವರು. ಟೊಮೆಟೊ ಗಿಡದ ಕುಡಿ ಕಂದಾಗಿ ಒಣಗುತ್ತದೆ, ಕಾಯಿಯ ಮೇಲೆ ಒಂದರೊಳಗೊಂದು ಬಳೆಯಂಥ ಗುರುತು ಬೀಳುತ್ತದೆ. ಇದು ನೆಲಗಡಲೆಯ ಮೊಗ್ಗು ಒಣಗಿಸುವ ವೈರಸ್‌ನ ಕಾಟ. ಹರಡುವುದು ಥ್ರಿಪ್ಸ್ ಕೀಟ. ಕೀಟ ರಸ ಹೀರಿದ್ದು ಒಂದು ಎಲೆಯಲ್ಲಿ, ಸತ್ತದ್ದು ಕುಡಿ. ಅಷ್ಟು ದೂರ ವೈರಸ್ ಹೋದದ್ದು ಹೇಗೆ?

ಗಿಡದ ಕೋಶಗಳ ನಡುವೆ ಪ್ಲಾಸ್ಮೊಡೆಸ್ಮೇಟಾ ಎಂಬ ಅತಿಸಣ್ಣ ಕಂಡಿಗಳಿವೆ. ಈ ವೈರಸ್‌ನ ವಂಶವಾಹಿಯೇ ಮೂರು ತುಂಡು ಆರ್‌ಎನ್‌ಎ. ಅದರ ಎನ್‌ಎಸ್‌ಎಂ ಎಂಬ ಪ್ರೊಟೀನ್ ಆ ಕಂಡಿಗಳನ್ನು ಹಿಗ್ಗಿಸಿ ದಾರಿ ಮಾಡಿಕೊಡುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಚ್. ಎಸ್. ಸಾವಿತ್ರಿ ಅವರ ತಂಡ ಈ ಪ್ರೊಟೀನನ್ನು ಅಧ್ಯಯನ ಮಾಡಿದೆ. ಗಿಡದ ಸ್ವಂತ ಆರ್‌ಎನ್‌ಎಯೂ ದೂರ ಸಾಗುತ್ತದೆ. ಎಲೆಯ ಆಕಾರ ಬದಲಾದ ಟೊಮೆಟೊ ಗಿಡದ ಮೇಲೆ ಸಾಮಾನ್ಯ ಗಿಡದ ಕಸಿ ಕಟ್ಟಿದಾಗ, ಕೆಳಗಿನ ಗಿಡದ ಎಂಆರ್‌ಎನ್‌ಎ ಮೇಲೇರಿ ಹೊಸ ಎಲೆಗಳ ಆಕಾರವನ್ನೇ ಬದಲಿಸಿದ್ದನ್ನು ನೀಲಿಮಾ ಸಿನ್ಹಾ ಅವರ ತಂಡ 2001ರಲ್ಲಿ ವರದಿ ಮಾಡಿತು.

ವೈರಸ್ ಹೀಗೆ ಗಿಡದೊಳಗೇ ಸಾಗುವುದರಿಂದ ಕುಡಿ ಒಣಗಿದ ಗಿಡಕ್ಕೆ ಔಷಧಿ ಹೊಡೆದು ಫಲವಿಲ್ಲ. ಲಕ್ಷಣ ಕಾಣುವ ಹೊತ್ತಿಗೆ ವೈರಸ್ ಕೋಶದಿಂದ ಕೋಶಕ್ಕೆ ದಾಟಿಯಾಗಿರುತ್ತದೆ, ಅದನ್ನು ಕೊಲ್ಲುವ ಸಿಂಪಡಣೆಯೂ ಇಲ್ಲ. ಥ್ರಿಪ್ಸ್ ಮರಿಯಾಗಿದ್ದಾಗ ವೈರಸ್ ಹೀರಿಕೊಂಡು, ಬೆಳೆದ ಮೇಲೆ ಬದುಕಿರುವವರೆಗೂ ಹರಡಬಲ್ಲದು. ಮಡಿಯಲ್ಲಿರುವಾಗಲೇ ಸಸಿಗಳಿಗೆ ಅತಿಸಣ್ಣ ಕಣ್ಣುಗಳ ಬಲೆ ಕಟ್ಟುವುದು, ಬದುವಿನ ಕಳೆ ತೆಗೆಯುವುದು, ಮೊದಲು ಕಂಡ ರೋಗದ ಗಿಡವನ್ನು ಕೂಡಲೇ ಕಿತ್ತು ನಾಶಮಾಡುವುದು, ಥ್ರಿಪ್ಸನ್ನು ಹತೋಟಿಯಲ್ಲಿಡುವುದು: ಉಳಿದ ಬೆಳೆಯನ್ನು ಕಾಯುವುದು ಈ ಕೆಲಸಗಳೇ.