ಹಾಳುಬಿದ್ದ ಮನೆಯೊಂದು ಸಂಗ್ರಹಾಲಯವಾದ ಬಗೆ

ಫಾತಿಮಾ ಮಾತೆಯ ಪುಣ್ಯಕ್ಷೇತ್ರಕ್ಕೆ ಯಾತ್ರೆ ಹೋಗುವ ನಮ್ಮ ಕರಾವಳಿಯ ಭಕ್ತಾದಿಗಳು ಸಾಮಾನ್ಯವಾಗಿ ಲಿಸ್ಬನ್, ಫಾತಿಮಾ, ಹೆಚ್ಚೆಂದರೆ ಸಿಸ್ಟರ್ ಲೂಸಿಯಾ ಕೊನೆಯವರೆಗೆ ಬಾಳಿದ ಕೊಯಿಂಬ್ರಾದ ಕಾರ್ಮೆಲ್ ಮಠ, ಇಷ್ಟನ್ನು ನೋಡಿ ಹಿಂತಿರುಗುತ್ತಾರೆ. ಕೊಯಿಂಬ್ರಾದಿಂದ ಸುಮಾರು ಒಂದು ಗಂಟೆಯ ದಾರಿಯಲ್ಲಿ ಕಬಾನಾಸ್ ದೆ ವಿರಿಯಾತು ಎಂಬ ಸಣ್ಣ ಊರಿದೆ. ಅಲ್ಲಿ ‘ಕಾಸಾ ದೊ ಪಸ್ಸಾಲ್’ ಎಂಬ ದೊಡ್ಡ ಮನೆಯೊಂದು 2024ರ ಜುಲೈ 19ರಂದು ಸಂಗ್ರಹಾಲಯವಾಗಿ ತೆರೆದುಕೊಂಡಿತು. ಆ ಮನೆಯ ಯಜಮಾನರ ಹೆಸರು ಅರಿಸ್ಟೀಡಿಸ್ ಡಿ ಸೋಜ ಮೆಂಡಿಸ್. (ನಮ್ಮ ಧರ್ಮಕೇಂದ್ರಗಳಲ್ಲಿ ಮನೆಮನೆಗೂ ಇರುವ ‘ಡಿಸೋಜ’ ಇದೇ ಹೆಸರು.) ತೆರೆದ ದಿನ ಅವರ ಜನ್ಮದಿನ. ಹುಟ್ಟಿದ್ದು 1885ರಲ್ಲಿ.

ಸೋಜ ಮೆಂಡಿಸ್ ರಾಜತಾಂತ್ರಿಕ ಅಧಿಕಾರಿ. ಅವಳಿ ಸಹೋದರ ಸೆಸಾರ್ ಜೊತೆ ಕೊಯಿಂಬ್ರಾದಲ್ಲಿ ಕಾನೂನು ಓದಿ, ಇಬ್ಬರೂ ಒಂದೇ ಇಲಾಖೆ ಸೇರಿದರು. ಅರಿಸ್ಟೀಡಿಸ್ ಜಾಂಜಿಬಾರ್, ಬ್ರೆಜಿಲ್, ಅಮೆರಿಕ ಮುಂತಾದೆಡೆ ಕೆಲಸ ಮಾಡಿ, ಬೆಲ್ಜಿಯಂನ ಆಂಟ್ವರ್ಪ್‌ನಲ್ಲಿ ಸುಮಾರು ಒಂಬತ್ತು ವರ್ಷ ಕಾನ್ಸುಲ್ ಆಗಿದ್ದರು. ಹೆಂಡತಿ ಆಂಜೆಲಿನಾ ಹೆತ್ತದ್ದು 14 ಮಕ್ಕಳನ್ನು. ಎಲ್ಲರೂ ಒಟ್ಟಿಗೆ ಪ್ರಯಾಣ ಮಾಡಲೆಂದೇ ಒಂದು ದೊಡ್ಡ ವಾಹನ ಕಟ್ಟಿಸಿಕೊಂಡಿದ್ದರು. ಭಕ್ತಿಯುಳ್ಳ ಕಥೋಲಿಕ ಕುಟುಂಬ. ಬೆಲ್ಜಿಯಂನಿಂದ ತರಿಸಿದ ಕ್ರಿಸ್ತರಾಜನ ಪ್ರತಿಮೆಯನ್ನು ತಮ್ಮ ಮನೆಯ ಬಳಿ ನಿಲ್ಲಿಸಿದ್ದರು.

1938ರಲ್ಲಿ ಅವರಿಗೆ ಫ್ರಾನ್ಸಿನ ಬೋರ್ಡೋ ನಗರಕ್ಕೆ ವರ್ಗವಾಯಿತು. ಮರುವರ್ಷ ಯುದ್ಧ ಆರಂಭ. 1939ರ ನವೆಂಬರ್ 11ರಂದು ಪೋರ್ಚುಗಲ್ ಸರ್ಕಾರ ತನ್ನ ಕಾನ್ಸುಲರಿಗೆಲ್ಲ 14ನೇ ಸಂಖ್ಯೆಯ ಸುತ್ತೋಲೆ ಕಳುಹಿಸಿತು. ರಾಷ್ಟ್ರೀಯತೆ ಇಲ್ಲದವರು, ರಷ್ಯನ್ನರು, ತಮ್ಮ ದೇಶದಿಂದ ಹೊರದೂಡಲ್ಪಟ್ಟ ಯೆಹೂದ್ಯರು ಮುಂತಾದವರಿಗೆ ಲಿಸ್ಬನ್ನಿನ ಅನುಮತಿ ಇಲ್ಲದೆ ವೀಸಾ ಕೊಡಬಾರದು ಎಂಬುದು ಅದರ ತಾತ್ಪರ್ಯ. ಆಗ ಪ್ರಧಾನಿಯೂ ವಿದೇಶಾಂಗ ಸಚಿವರೂ ಒಬ್ಬರೇ, ಗೋವೆಯ ಇತಿಹಾಸ ಓದಿದವರಿಗೆ ಚೆನ್ನಾಗಿ ಗೊತ್ತಿರುವ ಸಲಝಾರ್. ಅವರು ಹುಟ್ಟಿದ ವಿಮಿಯೆಯಿರು ಗ್ರಾಮವೂ ಕಬಾನಾಸ್‌ಗೆ ಹತ್ತಿರದಲ್ಲೇ ಇದೆ. ವಿಝೆವು ಸೆಮಿನರಿಯಲ್ಲಿ ಓದಿ, ಆಮೇಲೆ ಕೊಯಿಂಬ್ರಾದಲ್ಲಿ ಕಾನೂನು ಕಲಿತವರು ಅವರು. ಒಂದೇ ಸೀಮೆ, ಒಂದೇ ವಿಶ್ವವಿದ್ಯಾನಿಲಯ, ಒಂದೇ ವಿಶ್ವಾಸ. ಇದನ್ನು ಸೆಮಿನರಿಯಲ್ಲಿ ಓದಿದ ನಮ್ಮಂಥವರು ಸ್ವಲ್ಪ ನಿಂತು ಯೋಚಿಸಬೇಕು.

1940ರ ಜೂನ್ 14ರಂದು ಪ್ಯಾರಿಸ್ ಜರ್ಮನರ ವಶವಾಯಿತು. ಬೆಲ್ಜಿಯಂ, ಹಾಲೆಂಡ್, ಉತ್ತರ ಫ್ರಾನ್ಸಿನಿಂದ ಜನ ದಕ್ಷಿಣಕ್ಕೆ ಓಡಿಬಂದು ಬೋರ್ಡೋ ತುಂಬಿಹೋಯಿತು. ಬೀದಿಗಳಲ್ಲಿ, ಉದ್ಯಾನಗಳಲ್ಲಿ, ಕಾರುಗಳೊಳಗೆ ಮಲಗುತ್ತಿದ್ದರು. ಪೋರ್ಚುಗಲ್ ವೀಸಾಕ್ಕೆ ಅಷ್ಟೊಂದು ಬೆಲೆ ಏಕೆ ಬಂತು ಎಂಬುದನ್ನು ಇಲ್ಲಿ ತಿಳಿಯಬೇಕು. ಪೋರ್ಚುಗಲ್ ತಟಸ್ಥ ರಾಷ್ಟ್ರ. ಲಿಸ್ಬನ್ನಿನಿಂದ ಅಮೆರಿಕಕ್ಕೆ ಹಡಗು ಸಿಗುತ್ತಿತ್ತು. ಆದರೆ ಅಲ್ಲಿಗೆ ಹೋಗಲು ಸ್ಪೇನ್ ದಾಟಬೇಕು. ಮುಂದೆ ಪೋರ್ಚುಗಲ್ ಸೇರಿಸಿಕೊಳ್ಳುತ್ತದೆ ಎಂಬ ಗುರುತು ಪಾಸ್‌ಪೋರ್ಟಿನಲ್ಲಿ ಇದ್ದರೆ ಮಾತ್ರ ಸ್ಪೇನ್ ತನ್ನ ನೆಲದ ಮೂಲಕ ಹಾದುಹೋಗಲು ಬಿಡುತ್ತಿತ್ತು. ಅಂದರೆ ಕಾನ್ಸುಲರ ಒಂದು ಸೀಲು, ಒಂದು ಸಹಿ ಇದ್ದರೆ ಎರಡು ಗಡಿಗಳು ತೆರೆಯುತ್ತಿದ್ದವು.

ಆ ದಿನಗಳಲ್ಲಿ ಸೋಜ ಮೆಂಡಿಸರಿಗೆ ಪರಿಚಯವಾದವರು ಚಾಯಿಮ್ ಕ್ರೂಗರ್ ಎಂಬ ರಬ್ಬಿ. ಬೆಲ್ಜಿಯಂನಿಂದ ಹೆಂಡತಿ ಮಕ್ಕಳೊಂದಿಗೆ ಓಡಿಬಂದವರು. ಕಾನ್ಸುಲರು ಅವರ ಕುಟುಂಬವನ್ನು ಮನೆಗೆ ಕರೆತಂದು, ನಿಮಗೆ ವೀಸಾ ಕೊಡಿಸುತ್ತೇನೆ ಎಂದರು. ರಬ್ಬಿ ಒಪ್ಪಲಿಲ್ಲ. ಹೊರಗಿರುವ ನನ್ನ ಜನರಿಗೆಲ್ಲ ಕೊಟ್ಟರೆ ಮಾತ್ರ ನನಗೂ ಬೇಕು ಎಂದರು. ಈ ಕಥೆಯಲ್ಲಿ ನಾವು ಸಾಮಾನ್ಯವಾಗಿ ಕಾನ್ಸುಲರನ್ನೇ ಹೊಗಳುತ್ತೇವೆ. ಸ್ವಂತ ಮಕ್ಕಳ ಪ್ರಾಣ ಉಳಿಸುವ ಕಾಗದವನ್ನು ಬೇಡವೆಂದ ಆ ರಬ್ಬಿಯವರ ಮಾತು ಕೂಡ ಅದಕ್ಕಿಂತ ಕಡಿಮೆಯದಲ್ಲ.

ಸೋಜ ಮೆಂಡಿಸ್ ಮೂರು ದಿನ ಹಾಸಿಗೆ ಹಿಡಿದರು. ಜ್ವರವೋ, ಸಂಕಟವೋ. ಜೂನ್ 17ರಂದು ಎದ್ದುಬಂದು, ರಾಷ್ಟ್ರ, ಜನಾಂಗ, ಧರ್ಮ ಯಾವುದನ್ನೂ ಕೇಳದೆ ಎಲ್ಲರಿಗೂ ವೀಸಾ ಕೊಡುವುದಾಗಿ ಪ್ರಕಟಿಸಿದರು. ರಬ್ಬಿಯವರು ಜನರ ಪಾಸ್‌ಪೋರ್ಟುಗಳನ್ನು ಕಟ್ಟುಗಟ್ಟಲೆ ತಂದು ಒಪ್ಪಿಸುತ್ತಿದ್ದರು. ಕಚೇರಿಯ ಕಾರ್ಯದರ್ಶಿಯೂ ಕಾನ್ಸುಲರ ಮಕ್ಕಳೂ ಕೈಜೋಡಿಸಿದರು. ಸಮಯ ಸಾಲದೆ ಸಹಿ ಗಿಡ್ಡವಾಗುತ್ತಾ ಬಂದು, ಬರೀ ‘ಮೆಂಡಿಸ್’ ಎಂದು ಉಳಿಯಿತು. ಅನಂತರ ಅವರು ಬಯೋನ್ ನಗರಕ್ಕೂ ಗಡಿಯ ಹೆಂಡಾಯ್‌ಗೂ ಹೋಗಿ ಅಲ್ಲಿಯೂ ಇದೇ ಕೆಲಸ ಮಾಡಿದರು. ಅಷ್ಟರಲ್ಲಿ ಲಿಸ್ಬನ್ನಿಗೆ ಸುದ್ದಿ ಮುಟ್ಟಿತ್ತು. ಅವರ ಅಧಿಕಾರ ಕಿತ್ತುಕೊಂಡು ಊರಿಗೆ ಬರಹೇಳಿದರು.

ಹೀಗೆ ಪಾರಾದವರಲ್ಲಿ ಆಸ್ಟ್ರಿಯಾದ ರಾಜವಂಶದ ಓಟ್ಟೊ ಫಾನ್ ಹ್ಯಾಬ್ಸ್‌ಬರ್ಗ್, ಚಿತ್ರಕಾರ ಸಾಲ್ವಡಾರ್ ಡಾಲಿ, ‘ಕ್ಯೂರಿಯಸ್ ಜಾರ್ಜ್’ ಎಂಬ ಮಕ್ಕಳ ಪುಸ್ತಕ ಬರೆದ ರೇ ದಂಪತಿಗಳು ಇದ್ದಾರೆ. ಮಿಕ್ಕವರು ಹೆಸರಿಲ್ಲದ ಸಾಮಾನ್ಯರು.

ಒಟ್ಟು ಎಷ್ಟು ಮಂದಿ? 30,000 ವೀಸಾ, ಅದರಲ್ಲಿ 10,000 ಯೆಹೂದ್ಯರಿಗೆ ಎಂಬ ಲೆಕ್ಕ ಬಹಳ ಕಾಲದಿಂದ ಪ್ರಚಾರದಲ್ಲಿದೆ. ಇತಿಹಾಸಕಾರ ಅವ್ರಹಾಂ ಮಿಲ್ಗ್ರಾಂ ಅವರು ಬೋರ್ಡೋ ಕಚೇರಿಯ ದಾಖಲೆಯನ್ನೇ ನೋಡಿ, 1940ರ ಜನವರಿಯಿಂದ ಜೂನ್ 22ರವರೆಗೆ ಅದರಲ್ಲಿ ನಮೂದಾದದ್ದು 2,862 ಎಂದು ತೋರಿಸಿದ್ದಾರೆ. ಅರ್ಧಕ್ಕಿಂತ ಹೆಚ್ಚು ಜೂನ್ 11ರ ನಂತರದ್ದು. ಬಯೋನ್‌ನಲ್ಲಿ, ರಸ್ತೆಬದಿಯಲ್ಲಿ ಕೊಟ್ಟವು ಆ ಪುಸ್ತಕದಲ್ಲಿ ಇರಲಾರವು, ಒಂದೇ ವೀಸಾದಲ್ಲಿ ಇಡೀ ಸಂಸಾರ ಹೋದದ್ದೂ ಉಂಟು. ಆದ್ದರಿಂದ ನಿಜಸಂಖ್ಯೆ ಈ ಎರಡರ ನಡುವೆ ಎಲ್ಲೋ ಇರಬೇಕು. ಪ್ರಸಂಗಗಳಲ್ಲಿ ಈ ಉದಾಹರಣೆ ಕೊಡುವ ಗುರುಗಳಿಗೆ ನನ್ನ ಸಲಹೆ: ‘ಸಾವಿರಾರು ಮಂದಿ’ ಎಂದರೆ ಸಾಕು, ಅದು ಸತ್ಯ.

ಮತ್ತೊಂದು ವಿಷಯವನ್ನೂ ಮುಚ್ಚಿಡಬಾರದು. ಆ ಜೂನ್ ತಿಂಗಳಲ್ಲಿ ಅವರ ದಾಂಪತ್ಯ ಸರಿಯಿರಲಿಲ್ಲ. ಆಂದ್ರೆ ಸಿಬಿಯಾಲ್ ಎಂಬ ಫ್ರೆಂಚ್ ಮಹಿಳೆ ಅವರಿಂದ ಗರ್ಭಿಣಿಯಾಗಿದ್ದರು. ಸಂತರ ಚರಿತ್ರೆಯಂತೆ ಇದನ್ನು ಬರೆಯಹೊರಟವರು ಈ ಪುಟವನ್ನು ದಾಟಿಬಿಡುತ್ತಾರೆ. ದಾಟುವ ಅಗತ್ಯವಿಲ್ಲ. ಬೋರ್ಡೋದಲ್ಲಿ ಬಾಗಿಲು ತೆರೆದದ್ದು ಇದೇ ಮನುಷ್ಯ.

1940ರ ಅಕ್ಟೋಬರ್‌ನಲ್ಲಿ ಶಿಸ್ತುಕ್ರಮದ ತೀರ್ಪು ಬಂತು. ಮಂಡಳಿ ಶಿಫಾರಸು ಮಾಡಿದ್ದು ಹಿಂಬಡ್ತಿ. ಸಲಝಾರ್ ಕೊಟ್ಟದ್ದು ಅರ್ಧ ಸಂಬಳದಲ್ಲಿ ಒಂದು ವರ್ಷ ಕೆಲಸವಿಲ್ಲದೆ ಕೂರುವ ಶಿಕ್ಷೆ, ಆಮೇಲೆ ಕಡ್ಡಾಯ ನಿವೃತ್ತಿ. ಮತ್ತೆಂದೂ ಹುದ್ದೆ ಸಿಗಲಿಲ್ಲ. ನಿರಾಶ್ರಿತರಿಗೆ ತೆರೆದಿದ್ದ ಮನೆಯೇ ಸಾಲಕ್ಕೆ ಸಿಕ್ಕಿತು. ಲಿಸ್ಬನ್ನಿನ ಯೆಹೂದ್ಯ ಸಮುದಾಯ ನಿರಾಶ್ರಿತರಿಗೆಂದು ನಡೆಸುತ್ತಿದ್ದ ಊಟದ ಮನೆಯಲ್ಲಿ ಈ ಕಥೋಲಿಕ ಕುಟುಂಬ ಊಟ ಮಾಡಿತು. ಮಕ್ಕಳು ಒಬ್ಬೊಬ್ಬರಾಗಿ ದೇಶ ಬಿಟ್ಟರು. 1948ರಲ್ಲಿ ಆಂಜೆಲಿನಾ ತೀರಿಕೊಂಡರು. ಮರುವರ್ಷ ಅವರು ಆಂದ್ರೆಯನ್ನು ಮದುವೆಯಾದರು. 1954ರ ಏಪ್ರಿಲ್ 3ರಂದು ಲಿಸ್ಬನ್ನಿನ ಫ್ರಾನ್ಸಿಸ್ಕನ್ನರ ಆಸ್ಪತ್ರೆಯಲ್ಲಿ ಪ್ರಾಣ ಬಿಟ್ಟರು. ತೊಡಿಸಲು ತಕ್ಕ ಬಟ್ಟೆಯಿಲ್ಲದೆ ಫ್ರಾನ್ಸಿಸ್ಕನ್ ನಿಲುವಂಗಿಯಲ್ಲಿ ಸಮಾಧಿ ಮಾಡಿದರೆಂದು ಹೇಳುತ್ತಾರೆ.

ಮನೆ ಮಾರಾಟವಾಯಿತು. ಕಾಲಕ್ರಮದಲ್ಲಿ ಮಾಡು ಕುಸಿಯಿತು, ಒಳಗೆ ಮಳೆ ಸುರಿಯಿತು. 1966ರಲ್ಲಿ ಇಸ್ರೇಲಿನ ಯಾದ್ ವಾಶೆಮ್ ಸಂಸ್ಥೆ ಅವರನ್ನು ‘ರಾಷ್ಟ್ರಗಳಲ್ಲಿ ನೀತಿವಂತ’ ಎಂದು ಗೌರವಿಸಿದಾಗಲೂ ಸ್ವದೇಶ ಸುಮ್ಮನಿತ್ತು. 1987ರಲ್ಲಿ ರಾಷ್ಟ್ರಾಧ್ಯಕ್ಷ ಮಾರಿಯೊ ಸೋರೆಸ್ ಕುಟುಂಬದವರಲ್ಲಿ ಕ್ಷಮೆ ಕೇಳಿದರು. 1988ರಲ್ಲಿ ಸಂಸತ್ತು ಅವರ ಮೇಲಿನ ಆರೋಪಗಳನ್ನು ತಳ್ಳಿಹಾಕಿತು. ಸರ್ಕಾರ ಕೊಟ್ಟ ಪರಿಹಾರದ ಹಣದಿಂದ ಅವರ ಹೆಸರಿನ ಪ್ರತಿಷ್ಠಾನವೊಂದು ಮನೆಯನ್ನು ಮರಳಿ ಕೊಂಡಿತು. 2011ರಲ್ಲಿ ಅದು ರಾಷ್ಟ್ರೀಯ ಸ್ಮಾರಕವಾಯಿತು. ಆದರೂ ದುರಸ್ತಿ ಮುಗಿದು ಬಾಗಿಲು ತೆರೆಯಲು ಮತ್ತೆ 13 ವರ್ಷ ಬೇಕಾಯಿತು.

ಈ ನಡುವೆ 2020ರ ಜೂನ್ 17ರಂದು, ಆ ನಿರ್ಧಾರಕ್ಕೆ 80 ವರ್ಷ ತುಂಬಿದ ದಿನ, ದಿವಂಗತ ಪೋಪ್ ಫ್ರಾನ್ಸಿಸ್ ತಮ್ಮ ಬುಧವಾರದ ಸಭೆಯಲ್ಲಿ ಅಂತಸ್ಸಾಕ್ಷಿಯ ದನಿಗೆ ಕಿವಿಗೊಟ್ಟ ವ್ಯಕ್ತಿಯೆಂದು ಅವರ ಹೆಸರು ಹೇಳಿ ಸ್ಮರಿಸಿದರು. 2021ರ ಅಕ್ಟೋಬರ್ 19ರಂದು ಲಿಸ್ಬನ್ನಿನ ರಾಷ್ಟ್ರೀಯ ಪ್ಯಾಂಥಿಯನ್‌ನಲ್ಲಿ ಅವರ ಹೆಸರಿನ ಫಲಕ ಇಟ್ಟರು. ದೇಹವನ್ನು ಮಾತ್ರ ಅಲ್ಲಿಗೆ ಒಯ್ಯಲಿಲ್ಲ. ಅದು ಕಬಾನಾಸ್‌ನ ಸ್ಮಶಾನದಲ್ಲೇ ಇದೆ. ಯಾತ್ರೆಯ ಪಟ್ಟಿಯಲ್ಲಿ ಅರ್ಧ ದಿನ ಬಿಡುವು ಮಾಡಿಕೊಳ್ಳಬಲ್ಲವರು ಮನೆ ನೋಡಿದ ಮೇಲೆ ಅಲ್ಲಿಗೂ ಹೋಗಿ ಒಂದು ಪ್ರಾರ್ಥನೆ ಹೇಳಿ ಬರಬಹುದು.