ಏಕಾಕಿನಿ ಅಕ್ಕನಿಗೆ ಆಸರೆ

12ನೆಯ ಶತಮಾನದ ಶರಣಸಮೂಹದಲ್ಲಿ ಅಕ್ಕಮಹಾದೇವಿಯಷ್ಟು ಒಂಟಿಯಾಗಿ ನಡೆದವರು ವಿರಳ. ಇಂದಿನ ಶಿವಮೊಗ್ಗ ಜಿಲ್ಲೆಯ ಉಡುತಡಿಯಲ್ಲಿ ಜನಿಸಿದ ಈ ಶಿವಶರಣೆಯು ಅರಸು ಕೌಶಿಕನ ವೈಭವವನ್ನೂ ತಂದೆತಾಯಿಗಳ ಆಶ್ರಯವನ್ನೂ ತೊರೆದು, ಕೇಶರಾಶಿಯನ್ನೇ ಉಡುಗೆಯಾಗಿಸಿಕೊಂಡು ಹೊರಟಳು. ಕೌಶಿಕನೊಡನೆ ವಿವಾಹವಾಯಿತೆಂದು ಹರಿಹರನ ರಗಳೆಯೂ, ಆಗಲಿಲ್ಲವೆಂದು ಚಾಮರಸನ 'ಪ್ರಭುಲಿಂಗಲೀಲೆ'ಯೂ ಹೇಳುತ್ತವೆ. ವಿದ್ವಾಂಸರ ಈ ವಾದ ಬೇಗ ಮುಗಿಯುವಂಥದಲ್ಲ, ಮುಗಿಯದಿದ್ದರೂ ನಷ್ಟವಿಲ್ಲ. ಎಲ್ಲವನ್ನೂ ತೊರೆದು ನಡೆದಳೆಂಬಲ್ಲಿ ಕವಿಗಳಿಬ್ಬರಿಗೂ ಭೇದವಿಲ್ಲ.

ಅಂಥ ದಾರಿಯಲ್ಲಿ ಆಕೆಗೆ ದೇವರಿಂದ ದೊರೆತ ಸಾಂತ್ವನ ಯಾವ ಬಗೆಯದು? ಹಸಿವಿಗೆ ಊರಿನ ಭಿಕ್ಷೆ, ನೀರಡಿಕೆಗೆ ಕೆರೆಬಾವಿಗಳು, ನಿದ್ರೆಗೆ ಪಾಳುಗುಡಿ ಸಾಕೆನ್ನುವ ಅಕ್ಕನು ಚೆನ್ನಮಲ್ಲಿಕಾರ್ಜುನನಲ್ಲಿ ಬಯಸುವುದು ಆತ್ಮದ ಜೊತೆಯನ್ನು ಮಾತ್ರ. ಬೇಡಿಕೆಗಳ ಪಟ್ಟಿ ಹಿಡಿದು ದೇವರ ಮುಂದೆ ನಿಲ್ಲುವ ರೂಢಿಗೂ ಈ ಭಾವಕ್ಕೂ ಬಹಳ ಅಂತರವುಂಟು. ಆಕೆ ದುಃಖವನ್ನು ಬಚ್ಚಿಟ್ಟವಳೂ ಅಲ್ಲ. ಗಿಳಿ, ಕೋಗಿಲೆ, ದುಂಬಿಗಳನ್ನು ಕೂಗಿ ಕರೆದು ತನ್ನ ದೇವನನ್ನು ಕಂಡಿರಾ ಎಂದು ಹಂಬಲಿಸಿದವಳು. ಭಕ್ತರಾದವರು ಅಳಬಾರದೆಂದು ಗದರುವ ಹಿರಿಯರು ಅಕ್ಕನ ವಚನಗಳನ್ನು ಇನ್ನೊಮ್ಮೆ ಓದುವುದು ಒಳಿತು.

ಶರಣಧರ್ಮದಲ್ಲಿ ಈ ಜೊತೆಗೆ ಮೂರ್ತರೂಪವಾದುದು ಇಷ್ಟಲಿಂಗ. 'ಇಷ್ಟ' ಶಬ್ದವು 'ಇಷ್' ಧಾತುವಿನಿಂದ ಬಂದರೆ ಬಯಸಲ್ಪಟ್ಟದ್ದೆಂದೂ, 'ಯಜ್' ಧಾತುವಿನಿಂದ ಬಂದರೆ ಪೂಜಿಸಲ್ಪಟ್ಟದ್ದೆಂದೂ ಅರ್ಥವಾಗುತ್ತದೆ. ಇಲ್ಲಿ ಎರಡೂ ಸಲ್ಲುತ್ತವೆ. ಎಡಗೈಯ ಅಂಗೈಯಲ್ಲಿರಿಸಿ ದೃಷ್ಟಿಯಿಟ್ಟು ನೋಡುವ ಈ ಪೂಜೆಗೆ ಗುಡಿ ಬೇಡ, ಮಧ್ಯವರ್ತಿ ಬೇಡ. ಊರು ಬಿಟ್ಟವರ ಸಂಗಡ ದೇವರೂ ಊರು ಬಿಟ್ಟು ನಡೆಯುತ್ತಾನೆ. ಮೊದಲ ಬಾರಿ ಮನೆಯಗಲಿ ಪ್ರಸಾದನಿಲಯಕ್ಕೆ ಬಂದು, ಹಾಸಿಗೆಯ ಸುರುಳಿ ಬಿಚ್ಚಿದ ರಾತ್ರಿ ಗೋಡೆಯತ್ತ ಮುಖಮಾಡಿ ಅಳುವ ಬಾಲಕನಿಗೆ ಇದು ಸಣ್ಣ ಮಾತಲ್ಲ.

ಆದರೆ ಮರುದಿನ ಮುಂಜಾನೆ ಪೂಜೆಗೆ ಕುಳಿತೊಡನೆ ಅವನ ಅಳು ನಿಲ್ಲಬೇಕೆಂದಿಲ್ಲ. ಷಟ್‌ಸ್ಥಲದ ಕ್ರಮವನ್ನು ಗಮನಿಸಿದರೆ ಕಾರಣ ತಿಳಿಯುತ್ತದೆ. ಭಕ್ತಸ್ಥಲಕ್ಕೆ ಶ್ರದ್ಧೆ, ಮಹೇಶಸ್ಥಲಕ್ಕೆ ನಿಷ್ಠೆ, ಪ್ರಸಾದಿಗೆ ಅವಧಾನ, ಪ್ರಾಣಲಿಂಗಿಗೆ ಅನುಭವ, ಶರಣನಿಗೆ ಆನಂದ, ಐಕ್ಯನಿಗೆ ಸಮರಸ ಎಂದು ಭಕ್ತಿಯ ಆರು ಬಗೆಗಳನ್ನು ಹೇಳಿದ್ದಾರೆ. ಆನಂದವು ಐದನೆಯದು! ನಿಷ್ಠೆಯಾದರೋ ಎರಡನೆಯ ಮೆಟ್ಟಿಲಲ್ಲೇ ಬೇಕು. ಸಮಾಧಾನ ದೊರೆಯಲಿಲ್ಲವೆಂದು ನಾಲ್ಕೇ ದಿನಗಳಲ್ಲಿ ಪೂಜೆ ಬಿಡುವವನು ಐದನೆಯ ಮೆಟ್ಟಿಲಿನ ಫಲವನ್ನು ಮೊದಲನೆಯದರಲ್ಲಿ ಕೇಳಿದಂತಾಯಿತು.

ಶೂನ್ಯಸಂಪಾದನೆಯ ಪ್ರಕಾರ, ಕಲ್ಯಾಣಕ್ಕೆ ಬಂದ ಮಹಾದೇವಿಯನ್ನು ಅನುಭವಮಂಟಪದಲ್ಲಿ ಅಲ್ಲಮಪ್ರಭುಗಳು ನಿಷ್ಠುರವಾದ ಪ್ರಶ್ನೆಗಳಿಂದ ಪರೀಕ್ಷಿಸಿದರು. ಬಳಿಕ ಬಸವಣ್ಣನವರಾದಿಯಾಗಿ ಶರಣರೆಲ್ಲ ಆಕೆಯನ್ನು ಗೌರವಿಸಿದರು. ಬಂಧುಗಳನ್ನು ಬಿಟ್ಟವಳು ಎಲ್ಲರಿಗೂ ಅಕ್ಕನಾದಳು. ಅಷ್ಟು ದೊಡ್ಡ ಬಳಗ ದೊರೆತ ಮೇಲೂ ಆಕೆ ಅಲ್ಲಿ ನಿಲ್ಲದೆ ಶ್ರೀಶೈಲದ ಹಾದಿ ಹಿಡಿದಳು. ಉಡುತಡಿಯಿಂದ ಹೊರಟಾಗ ಆಕೆಯದು ಒಂಟಿತನ. ಕಲ್ಯಾಣದಿಂದ ಹೊರಟಾಗ ಏಕಾಂತ. ಮೊದಲನೆಯದನ್ನು ಲೋಕ ಹೇರಿತ್ತು, ಎರಡನೆಯದನ್ನು ಆಕೆಯೇ ಆರಿಸಿಕೊಂಡಳು.

ಆಕೆ ಐಕ್ಯಳಾದಳೆನ್ನುವ ಕದಳಿಗೆ ಯಾತ್ರಿಕರು ಇಂದಿಗೂ ಶ್ರೀಶೈಲದಿಂದ ಕೃಷ್ಣೆಯ ಮೇಲೆ ದೋಣಿಯಲ್ಲಿ ಹೋಗುತ್ತಾರೆ. ಅಲ್ಲಿ ಅಕ್ಕನ ಹೆಸರಿನ ಗವಿಯುಂಟು. ಒಳಗಿನ ಲಿಂಗದವರೆಗಿನ ದಾರಿ ಕತ್ತಲೆಯದು, ಇಕ್ಕಟ್ಟಿನದು.